ಸುಮ್ಮನೆ ನೋಡುತ್ತಾ ಕೂರುವ ಕೆಲಸ

2018ರ ಮಾರ್ಚ್ 18ರ ರಾತ್ರಿ ಅಮೆರಿಕದ ಅರಿಜೋನಾ ರಾಜ್ಯದ ಟೆಂಪಿ ನಗರದಲ್ಲಿ 49 ವರ್ಷದ ಹೆಂಗಸೊಬ್ಬರು ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದರು. ಊಬರ್ ಕಂಪನಿ ಪರೀಕ್ಷೆಗೆಂದು ಓಡಿಸುತ್ತಿದ್ದ, ತಾನಾಗಿ ಚಲಿಸುವ ವೋಲ್ವೊ ಕಾರು ಅವರಿಗೆ ಗುದ್ದಿತು. ಅವರು ಬದುಕಲಿಲ್ಲ.

ಕಾರಿಗೆ ಅವರು ಕಾಣಿಸಿರಲಿಲ್ಲವೇ? ಕಾಣಿಸಿದ್ದರು. ಅದೂ ಗುದ್ದುವುದಕ್ಕೆ 5.6 ಸೆಕೆಂಡು ಮೊದಲೇ ಎಂದು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ಹೇಳುತ್ತದೆ. ಕಾರಿನ ವೇಗ ಗಂಟೆಗೆ ಸುಮಾರು 70 ಕಿ.ಮೀ. ಆ ವೇಗಕ್ಕೆ 5.6 ಸೆಕೆಂಡು ಎಂದರೆ ನೂರು ಮೀಟರಿಗೂ ಹೆಚ್ಚು ದೂರ. ನಿಧಾನವಾಗಿ ಬ್ರೇಕ್ ಒತ್ತಿ ನಿಂತು, ಅವರು ಆಚೆ ಬದಿ ಮುಟ್ಟುವವರೆಗೆ ಕಾಯಬಹುದಿತ್ತು. ಸಾಫ್ಟ್‌ವೇರ್ ಆ ಹೊತ್ತಿನಲ್ಲಿ ಏನು ಮಾಡಿತು? ಮೊದಲು ವಾಹನ ಅಂದುಕೊಂಡಿತು, ಆಮೇಲೆ ಗುರುತು ಸಿಗದ ವಸ್ತು, ಕೊನೆಗೆ ಸೈಕಲ್. ಹೆಸರು ಬದಲಿಸಿದಾಗಲೆಲ್ಲ, ಅದು ಯಾವ ಕಡೆಯಿಂದ ಯಾವ ಕಡೆಗೆ ಸಾಗುತ್ತಿದೆ ಎಂಬ ಹಳೆಯ ಲೆಕ್ಕವನ್ನು ಬಿಟ್ಟು ಹೊಸದಾಗಿ ಶುರು ಮಾಡಿತು. ಗೆರೆ ಎಳೆದ ಜಾಗ ಬಿಟ್ಟು ಬೇರೆ ಕಡೆಯೂ ಮನುಷ್ಯರು ರಸ್ತೆ ದಾಟುತ್ತಾರೆ ಎಂಬುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ತನಿಖಾ ವರದಿಯ ಆ ಸಾಲನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ಅಪಾಯ ಖಚಿತವಾಗುವ ಹೊತ್ತಿಗೆ ಉಳಿದಿದ್ದು 1.2 ಸೆಕೆಂಡು. ಇಲ್ಲದ ಅಪಾಯಕ್ಕೆಲ್ಲ ಕಾರು ಗಕ್ಕನೆ ನಿಲ್ಲಬಾರದೆಂದು ಒಂದು ಸೆಕೆಂಡು ತಡೆದು ನೋಡುವಂತೆ ಪ್ರೋಗ್ರಾಂ ಬರೆದಿದ್ದರು. ಅದು ತಡೆಯಿತು. ವೋಲ್ವೊ ಕಾರಿನಲ್ಲಿ ಕಾರ್ಖಾನೆಯಿಂದಲೇ ಬಂದಿದ್ದ ತುರ್ತು ಬ್ರೇಕ್ ವ್ಯವಸ್ಥೆ ಒಂದಿತ್ತು. ಊಬರ್ ಸಾಫ್ಟ್‌ವೇರ್ ಓಡಿಸುವಾಗ ಅದು ಕೆಲಸ ಮಾಡದಂತೆ ಮಾಡಲಾಗಿತ್ತು.

ಯಂತ್ರ ಸೋತರೆ ಕಾಯಲು ಸ್ಟೀರಿಂಗ್ ಮುಂದೆ ಒಬ್ಬ ಉದ್ಯೋಗಿ ಇದ್ದರು. ಅವರ ಕಣ್ಣು ಮೊಬೈಲಿನಲ್ಲಿ ಓಡುತ್ತಿದ್ದ ಟಿವಿ ಕಾರ್ಯಕ್ರಮದ ಮೇಲಿತ್ತು. ಅಪಘಾತಕ್ಕೆ ಕೆಲವು ತಿಂಗಳ ಹಿಂದಿನವರೆಗೂ ಕಾರಿನಲ್ಲಿ ಇಬ್ಬರು ಇರುತ್ತಿದ್ದರು. ಕಂಪನಿ ಒಬ್ಬರಿಗೆ ಇಳಿಸಿತ್ತು. ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ನಡೆಯಲಿಲ್ಲ. ಉದ್ಯೋಗಿ 2023ರಲ್ಲಿ ತಪ್ಪೊಪ್ಪಿಕೊಂಡು ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಪಡೆದರು.

ಅವರದು ತಪ್ಪಲ್ಲ ಎನ್ನಲಾರೆ. ಆದರೆ ಅವರಿಗೆ ಒಪ್ಪಿಸಿದ್ದ ಕೆಲಸ ಎಂಥದ್ದು ಎಂದು ಯೋಚಿಸಿ. ಏನೂ ಮಾಡಬೇಡ, ಗಂಟೆಗಟ್ಟಲೆ ಸುಮ್ಮನೆ ನೋಡುತ್ತಿರು, ಯಾವುದೋ ಒಂದು ಗಳಿಗೆಯಲ್ಲಿ ಮಾತ್ರ ಮಿಂಚಿನಂತೆ ಕೈ ಹಾಕು. ಇದು ಮನುಷ್ಯರಿಂದ ಆಗದ ಕೆಲಸ. ಬ್ರಿಟನ್ನಿನ ರೇಡಾರ್ ನೋಡುಗರ ಏಕಾಗ್ರತೆ ಹೇಗೆ ಕುಸಿಯುತ್ತದೆಂದು ಅರಿಯಲು ಮನೋವಿಜ್ಞಾನಿ ನಾರ್ಮನ್ ಮ್ಯಾಕ್‌ವರ್ತ್ ಮಾಡಿದ ಪ್ರಯೋಗ 1948ರಲ್ಲಿ ಪ್ರಕಟವಾಯಿತು. ಅರ್ಧ ಗಂಟೆಯೊಳಗೆ ಜನ ತಪ್ಪತೊಡಗಿದ್ದರು. ನಮ್ಮ ಹೊಲಗಳಲ್ಲಿ ಅಟ್ಟಣೆಯ ಮೇಲೆ ಕೂತು ರಾತ್ರಿ ಹಂದಿ ಕಾಯುವವರಿಗೆ ಇದು ಮೊದಲೇ ಗೊತ್ತು. ಅವರು ಕೂಗು ಹಾಕುತ್ತಾರೆ, ಡಬ್ಬ ಬಡಿಯುತ್ತಾರೆ. ಹಂದಿ ಬೆದರಲಿ ಎಂದಷ್ಟೇ ಅಲ್ಲ, ತಮ್ಮ ಕಣ್ಣು ಮುಚ್ಚದಿರಲಿ ಎಂದೂ.

ಗೂಗಲ್‌ಗೂ ಇದು ಅರಿವಾಯಿತು. ಹೆದ್ದಾರಿಯಲ್ಲಿ ತಾನೇ ಓಡುವ ಕಾರುಗಳನ್ನು ಅದು ತನ್ನ ಸಿಬ್ಬಂದಿಗೆ ಕೊಟ್ಟು ನೋಡಿತ್ತು. ರಸ್ತೆ ನೋಡುತ್ತಿರಬೇಕೆಂದು ಎಚ್ಚರಿಸಿದ್ದರೂ ಅವರಲ್ಲಿ ನಿದ್ದೆ ಹೋದವರು ಕ್ಯಾಮೆರಾದಲ್ಲಿ ಸಿಕ್ಕಿಬಿದ್ದರು. ಕಂಪನಿ ಆ ದಾರಿಯನ್ನೇ ಕೈಬಿಟ್ಟಿತು. ಇವತ್ತು ಅದರ ಸೋದರ ಸಂಸ್ಥೆ ವೇಮೊ ನಡೆಸುವ ಟ್ಯಾಕ್ಸಿಗಳಲ್ಲಿ ಚಾಲಕರ ಸೀಟೇ ಖಾಲಿ. ಅಲ್ಲಿ ಹೊಣೆ ಯಾರದೆಂಬ ಗೊಂದಲವಾದರೂ ಇಲ್ಲ. ಟೆಸ್ಲಾ ಇನ್ನೊಂದು ದಾರಿ ಹಿಡಿಯಿತು. ತನ್ನ ಸಾಫ್ಟ್‌ವೇರಿಗೆ 'ಫುಲ್ ಸೆಲ್ಫ್ ಡ್ರೈವಿಂಗ್' ಎಂದು ಹೆಸರಿಟ್ಟು ಮಾರಿತು, ಕಣ್ಣು ರಸ್ತೆಯ ಮೇಲೇ ಇರಲಿ ಎಂದು ಸೂಚನೆಯನ್ನೂ ಕೊಟ್ಟಿತು. ಪೂರ್ತಿ ಎಂದು ಹೆಸರಿಟ್ಟ ಮೇಲೆ ಜನ ಪೂರ್ತಿಯಾಗಿ ನಂಬುತ್ತಾರೆ. 2023ರ ಡಿಸೆಂಬರಿನಲ್ಲಿ 'ಆಟೊಪೈಲಟ್' ಎಂಬ ತನ್ನ ಚಾಲನಾ ನೆರವಿನ ವ್ಯವಸ್ಥೆ ಇರುವ 20 ಲಕ್ಷಕ್ಕೂ ಹೆಚ್ಚು ಕಾರುಗಳನ್ನು ಅದು ಸರಿಪಡಿಸಲು ಹಿಂಪಡೆಯಬೇಕಾಯಿತು. ಚಾಲಕರ ಗಮನವನ್ನು ಹಿಡಿದಿಡಲು ಇದ್ದ ಏರ್ಪಾಡು ಸಾಲದು ಎಂಬುದೇ ಕಾರಣ. 'ಫುಲ್ ಸೆಲ್ಫ್ ಡ್ರೈವಿಂಗ್' ಹೆಸರಿಗೆ 'ಸೂಪರ್‌ವೈಸ್ಡ್' (ಮೇಲ್ವಿಚಾರಣೆಯಲ್ಲಿ) ಎಂಬ ಪದ ಅಂಟಿಕೊಂಡದ್ದು 2024ರಲ್ಲಿ.

ಈ ಸಾಫ್ಟ್‌ವೇರನ್ನು ನಂಬಬಹುದೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟು. ನೀವು ಓಡಿಸಿ, ಯಂತ್ರ ನಿಮ್ಮನ್ನು ಕಾಯಲಿ. ಅದಕ್ಕೆ ಬೇಸರವಿಲ್ಲ, ತೂಕಡಿಕೆಯಿಲ್ಲ. ಯಂತ್ರ ಓಡಿಸಿ ನೀವು ಅದನ್ನು ಕಾಯುವ ಒಪ್ಪಂದಕ್ಕೆ ಮಾತ್ರ ಕೈ ಹಾಕಬೇಡಿ. ಟೆಂಪಿಯಲ್ಲಿ ಆದದ್ದು ಅದೇ: ದಣಿಯದ ಕಾವಲುಗಾರನನ್ನು ಮಲಗಿಸಿ, ದಣಿಯುವವರನ್ನು ಕಾವಲಿಗೆ ಕೂರಿಸಿದ್ದರು.

ಲೇನ್ ಬಿಡದಂತೆ ಸ್ಟೀರಿಂಗ್ ತಿರುಗಿಸುವ, ಮುಂದಿನ ಗಾಡಿಯ ವೇಗಕ್ಕೆ ತಾನೇ ಹೊಂದಿಕೊಳ್ಳುವ ಕಾರುಗಳು ಈಗ ನಮ್ಮಲ್ಲೂ ಮಾರಾಟಕ್ಕಿವೆ. ಇಲ್ಲಿ ಗೆರೆ ನೋಡಿ ರಸ್ತೆ ದಾಟುವವರು ಯಾರು? ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್, ಒಕ್ಕಣೆಗೆಂದು ಹರಡಿದ ರಾಗಿ ತೆನೆ, ಎದುರಿಗೇ ಬರುವ ಬೈಕು, ಇವನ್ನೆಲ್ಲ ಸಾಫ್ಟ್‌ವೇರ್ ಯಾವ ಹೆಸರಿನಿಂದ ಕರೆಯುತ್ತದೆ? ಮಾರುವ ಮುನ್ನ ಕಂಪನಿಗಳು ಇದನ್ನು ನಮ್ಮ ರಸ್ತೆಯ ಮೇಲೆ ತೋರಿಸಿಕೊಡಬೇಕು ಎಂದು ಸರ್ಕಾರ ಕಟ್ಟುನಿಟ್ಟು ಮಾಡಬೇಕು.

ಹೋದ ತಿಂಗಳು ಗೆಳೆಯನ ಹೊಸ ಕಾರಿನಲ್ಲಿ ಮೈಸೂರಿಗೆ ಹೊರಟಿದ್ದೆ. ಬಿಡದಿ ದಾಟುತ್ತಲೇ ಅವನು ಲೇನ್ ಹಿಡಿಯುವ ಗುಂಡಿ ಒತ್ತಿದ. ಕಾಲು ಗಂಟೆ ಕಳೆಯುವುದರೊಳಗೆ ಅವನ ಕಣ್ಣು ಫೋನಿಗೆ ಜಾರಿತ್ತು. ರಸ್ತೆ ನೋಡುತ್ತಿದ್ದವನು ನಾನೊಬ್ಬನೇ. "ಅದನ್ನ ಆಫ್ ಮಾಡು ಮಾರಾಯ, ನೀನೇ ಓಡಿಸು" ಎಂದೆ. "ಎಲ್ಲಾನೂ ಆಫ್ ಮಾಡ್ಲಾ?" ಎಂದು ಕೇಳಿದ. ಸ್ಟೀರಿಂಗಿನದು ಮಾತ್ರ ಎಂದೆ. ತುರ್ತು ಬ್ರೇಕಿನ ಗುರುತು ಪರದೆಯ ಮೇಲೆ ಹಾಗೇ ಉಳಿಯಿತು, ಅವನ ಎರಡೂ ಕೈ ಸ್ಟೀರಿಂಗಿಗೆ ಬಂದವು.