ಮೌಸ್ ತಗೊಳ್ಳೋ ಮುಂಚೆ ನಿಮ್ಮ ಕೈ ನೋಡ್ಕೊಳ್ಳಿ

(1/6)

ಮೊದಲನೇ ಫೋಟೋದಲ್ಲಿರೋ ಉತ್ತರ ಪತ್ರಿಕೆ ನನ್ನದೇ. ಕಾಸ್ಟಿಂಗ್ ಇಂಟರ್ನಲ್. ಮೊದಲ ಎರಡು ಪುಟದ ಅಕ್ಷರ ನೋಡಿ, ಆಮೇಲೆ ಮೂರನೇ ಪುಟ ನೋಡಿ. ಬೇರೆ ಯಾರೋ ಬರೆದ ಹಾಗಿದೆ ಅಲ್ವಾ? ಪ್ರೋಸೆಸ್ ಅಕೌಂಟ್ ಲೆಕ್ಕ ಪೂರ್ತಿ ಗೊತ್ತಿತ್ತು. ಅಬ್ನಾರ್ಮಲ್ ಲಾಸ್‌ವರೆಗೂ ಬಂದೆ. ಅಷ್ಟರಲ್ಲಿ ಮಣಿಕಟ್ಟಿನಿಂದ ಹೆಬ್ಬೆರಳಿನವರೆಗೆ ಚಳುಕು ಹಿಡೀತು, ಪೆನ್ ಕೆಳಗಿಟ್ಟೆ. ಆರು ಮಾರ್ಕ್ಸಿನ ಪ್ರಶ್ನೆ ಖಾಲಿ ಬಿಟ್ಟು ಎದ್ದು ಬಂದೆ.

ಓದಿರಲಿಲ್ಲ ಅಂದಿದ್ರೆ ಇಷ್ಟು ಬೇಜಾರಾಗ್ತಿರಲಿಲ್ಲ. ಗೊತ್ತಿರೋದನ್ನ ಬರೆಯೋಕೆ ಕೈ ಬರಲಿಲ್ಲ ಅಂದ್ರೆ ಹೊಟ್ಟೆ ಉರಿಯುತ್ತೆ ಕಣ್ರೋ.

ನಿಮಗೆ ಗೊತ್ತಿರೋ ಹಾಗೆ ಕಾಲೇಜು ಮುಗಿಸಿ ಸಂಜೆ ಒಬ್ಬ ಟ್ಯಾಕ್ಸ್ ಕನ್ಸಲ್ಟೆಂಟ್ ಹತ್ರ ಪಾರ್ಟ್ ಟೈಮ್ ಹೋಗ್ತೀನಿ. ಪರ್ಚೇಸ್ ಬಿಲ್ ಎಂಟ್ರಿ ಕೆಲಸ. ತಿಂಗಳ 11ಕ್ಕೆ ಜಿಎಸ್‌ಟಿಆರ್-1, 20ಕ್ಕೆ 3ಬಿ. ಆ ದಿನಗಳಲ್ಲಿ ಕೈಗೆ ಪುರುಸೊತ್ತೇ ಇರಲ್ಲ. ಮನೆಗೆ ಬಂದು ಮತ್ತೆ ಲ್ಯಾಪ್‌ಟಾಪ್, ಅದೂ ಹಾಸಿಗೆ ಮೇಲೆ. ಇಷ್ಟಕ್ಕೂ ಬಳಸ್ತಾ ಇದ್ದದ್ದು ಬ್ಯಾಗ್ ಜೊತೆ ಫ್ರೀ ಬಂದಿದ್ದ ಪುಟಾಣಿ ಮೌಸ್. ಮನೇಲಿ "ಮೊಬೈಲ್ ಜಾಸ್ತಿ ಆಯ್ತು ನಿಂಗೆ" ಅಂದ್ರು. ಫ್ರೆಂಡ್ಸ್ "ಬಾಮ್ ಹಚ್ಚು" ಅಂದ್ರು. ಕೈಯಲ್ಲಿ ಏನು ಹಿಡ್ಕೊಂಡು ಕೂತಿರ್ತೀಯ ಅಂತ ಯಾರೂ ಕೇಳಲಿಲ್ಲ. ನಾನೂ ಕೇಳ್ಕೊಂಡಿರಲಿಲ್ಲ.

(2/6)

ಟೆಸ್ಟ್ ಆದ ದಿನ ರಾತ್ರಿಯೇ ಸಿಟ್ಟಲ್ಲಿ ಆನ್‌ಲೈನ್‌ನಲ್ಲಿ ಒಂದು ಮೌಸ್ ಆರ್ಡರ್ ಮಾಡಿದೆ. ಎರಡನೇ ಫೋಟೋದಲ್ಲಿದೆ ನೋಡಿ, ದೀಪಾವಳಿ ಸೀರಿಯಲ್ ಸೆಟ್ ಥರ ಮಿನುಗ್ತಾ ಇರೋದು. 699 ರೂಪಾಯಿ. ರೇಟಿಂಗ್ ಚೆನ್ನಾಗಿತ್ತು. ಬಂದ ಮೇಲೆ ನೋಡಿದ್ರೆ ನನ್ನ ಅಂಗೈಗೆ ಅದು ದೊಡ್ಡದು. ಬಟನ್ ಮುಟ್ಟೋಕೆ ಬೆರಳು ಚಾಚಬೇಕು. ನೋವು ಮಣಿಕಟ್ಟಿನ ಜೊತೆ ಬೆರಳಿಗೂ ಬಂತು.

ಆ 699 ರೂಪಾಯಿ ಕಲಿಸಿದ್ದೇ ಈ ಸೀರೀಸಿನ ಒಟ್ಟು ವಾದ: "ಬೆಸ್ಟ್ ಮೌಸ್ ಯಾವ್ದು" ಅನ್ನೋ ಪ್ರಶ್ನೆನೇ ತಪ್ಪು. "ಬೆಸ್ಟ್ ಚಪ್ಪಲಿ ಎಷ್ಟನೇ ನಂಬರು" ಅಂತ ಯಾರಾದ್ರೂ ಕೇಳಿದ್ರೆ ನಗಲ್ವಾ ನೀವು? ಚಪ್ಪಲಿ ಅಂಗಡೀಲಿ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದು ನೋಡ್ತೀವಿ. ದಿನಾ ನಾಲ್ಕು ಗಂಟೆ ಕೈಯಲ್ಲಿರೋ ವಸ್ತುನ ಮಾತ್ರ ಯಾರದ್ದೋ ಸ್ಟಾರ್ ನೋಡಿ ತಗೋತೀವಿ.

(3/6)

ಈಗ ಒಂದು ಸ್ಕೇಲ್ ತಗೊಳ್ಳಿ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿವರೆಗೆ ಅಳೀರಿ. ನಂದು 17 ಸೆಂ.ಮೀ. ಕೆಲವು ಕಂಪನಿಗಳು ಯಾವ ಅಳತೆಯ ಕೈಗೆ ಅಂತ ಹೇಳ್ತಾರೆ. ಉದಾಹರಣೆಗೆ ಲಾಜಿಟೆಕ್ ಲಿಫ್ಟ್ ಚಿಕ್ಕ ಮತ್ತು ಮಧ್ಯಮ ಕೈಗೆ ಮಾಡಿರೋದು, ಅದರಲ್ಲಿ ಎಡಗೈಯವರಿಗೇ ಬೇರೆ ಮಾಡೆಲ್ ಇದೆ. ಅದೇ ಕಂಪನಿಯ ಎಂಎಕ್ಸ್ ವರ್ಟಿಕಲ್ ಅದಕ್ಕಿಂತ ದೊಡ್ಡದು. (ಪ್ರಮೋಷನ್ ಅಲ್ಲಪ್ಪ, ಎರಡೂ ನನ್ನ ಬಜೆಟ್ ಅಲ್ಲ.)

ಮೌಸ್‌ಗಳಲ್ಲಿ ಮುಖ್ಯವಾಗಿ ಮೂರು ಜಾತಿ.

ಒಂದು, ಮಾಮೂಲಿ ಮೌಸ್. 1964ರಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಮತ್ತು ಬಿಲ್ ಇಂಗ್ಲಿಷ್ ಮಾಡಿದ ಮೊದಲ ಮೌಸು ಒಂದು ಮರದ ಡಬ್ಬಿ, ಅದನ್ನ ಅಂಗೈ ಕೆಳಗೆ ಮಾಡಿ ಹಿಡಿಯೋದು. ಇವತ್ತಿಗೂ ಮಾಮೂಲಿ ಮೌಸ್ ಹಿಡಿಯೋ ಭಂಗಿ ಅದೇ. ಅಂಗೈ ಕೆಳಗೆ ಮಾಡಿದಾಗ ಮೊಣಕೈ ಕೆಳಗಿನ ಎರಡು ಮೂಳೆ ಒಂದರ ಮೇಲೊಂದು ಅಡ್ಡ ಬರುತ್ತೆ. ಹಾಗೇ ಗಂಟೆಗಟ್ಟಲೆ ಇದ್ರೆ ಕೆಲವರಿಗೆ ನೋವು ಶುರುವಾಗುತ್ತೆ.

ಎರಡು, ವರ್ಟಿಕಲ್ ಮೌಸ್. ಯಾರಿಗೋ ಶೇಕ್‌ಹ್ಯಾಂಡ್ ಕೊಡೋ ಹಾಗೆ ಹಿಡಿಯೋದು. ಕೈ ತಿರುಚೋದು ಕಮ್ಮಿ ಆಗುತ್ತೆ. ಆದರೆ ಬಟನ್ ಒತ್ತಿದಾಗ ಮೌಸ್ ಪಕ್ಕಕ್ಕೆ ಜಾರುತ್ತೆ, ಅಭ್ಯಾಸ ಆಗಬೇಕು.

ಮೂರು, ಟ್ರ್ಯಾಕ್‌ಬಾಲ್. ಮೌಸ್ ಕೂತಲ್ಲೇ ಕೂತಿರುತ್ತೆ, ಚೆಂಡನ್ನ ಬೆರಳಿಂದ ಉರುಳಿಸೋದು. ಟೇಬಲ್ ಮೇಲೆ ಜಾಗ ಇಲ್ಲದವರಿಗೆ, ಮೌಸ್ ಜೊತೆ ಭುಜ ಎಳೆದು ನೋಯೋರಿಗೆ ಒಳ್ಳೇದು. ಇದರಲ್ಲಿ ಹೆಬ್ಬೆರಳಿಂದ ಉರುಳಿಸೋದೊಂದು, ನಡುವೆ ದೊಡ್ಡ ಚೆಂಡಿಟ್ಟು ಬೇರೆ ಬೆರಳುಗಳಿಂದ ಉರುಳಿಸೋದೊಂದು. ನಾವು ದಿನವಿಡೀ ರೀಲ್ಸ್ ತಳ್ಳೋದು ಯಾವ ಬೆರಳಲ್ಲಿ? ಹಾಗಾಗಿ ಹೆಬ್ಬೆರಳು ಈಗಾಗಲೇ ನೋಯ್ತಾ ಇದ್ರೆ ಮೊದಲನೇದು ಬೇಡ.

(4/6)

ನಾನು ಒಂದು ಶನಿವಾರ ತುಮಕೂರಿಂದ ಟ್ರೈನ್ ಹತ್ತಿ ಬೆಂಗಳೂರಿನ ಎಸ್‌.ಪಿ. ರೋಡ್‌ಗೆ ಹೋದೆ. ನಾಲ್ಕು ಅಂಗಡಿಯವರು "ತಗೊಳ್ಳೋದಾದ್ರೆ ಮಾತ್ರ ಬಾಕ್ಸ್ ಓಪನ್" ಅಂದ್ರು. ಐದನೆಯವರು ಒಂದು ಸ್ಟೂಲ್ ಹಾಕಿ "ಕೂತ್ಕೊಂಡು ನೋಡಮ್ಮ" ಅಂದ್ರು. ಮೂರು ವರ್ಟಿಕಲ್ ಹಿಡಿದು ನೋಡಿದೆ. ಎರಡರಲ್ಲಿ ಕಿರುಬೆರಳು ಟೇಬಲ್‌ಗೆ ಉಜ್ಜುತ್ತಿತ್ತು. ಮೂರನೇದು ಸರಿ ಕೂತಿತು. 950 ರೂಪಾಯಿ, ಹೆಸರೇ ಕೇಳಿರದ ಬ್ರ್ಯಾಂಡ್. ನಾಲ್ಕನೇ ಫೋಟೋ ಅದೇ.

ಮೊದಲ ಮೂರು ದಿನ ಪಾಯಿಂಟರ್ ಎಲ್ಲೋ, ನಾನೆಲ್ಲೋ. ಆಫೀಸಲ್ಲಿ ಎಲ್ಲರೂ ನಕ್ಕರು. ಎರಡನೇ ವಾರಕ್ಕೆ ಕೈ ಒಗ್ಗಿತು.

ನಗದೇ ಇದ್ದವರು ಒಬ್ಬರೇ, ನಮ್ಮ ಸೀನಿಯರ್ ಅಕ್ಕ. ಅವರು ಹೇಳಿದ ಮಾತು ಮೌಸಿಗಿಂತ ಹೆಚ್ಚು ಉಪಯೋಗಕ್ಕೆ ಬಂತು. "ಟ್ಯಾಲಿಲಿ ಮೌಸ್ ಯಾಕೆ ಹಿಡೀತೀಯ ನೀನು?" ಅಂದ್ರು. ಹೌದಲ್ಲ! ಎಫ್5 ಪೇಮೆಂಟ್, ಎಫ್6 ರಿಸೀಟ್, ಎಫ್7 ಜರ್ನಲ್, ಎಫ್8 ಸೇಲ್ಸ್, ಎಫ್9 ಪರ್ಚೇಸ್. ವೋಚರ್ ಮಧ್ಯೆ ಹೊಸ ಲೆಡ್ಜರ್ ಬೇಕಾದ್ರೆ ಆಲ್ಟ್ ಸಿ. ಸೇವ್‌ಗೆ ಕಂಟ್ರೋಲ್ ಎ. ಎಕ್ಸೆಲ್‌ನಲ್ಲಿ ಕೊನೇ ಸಾಲಿಗೆ ಹೋಗೋಕೆ ಕಂಟ್ರೋಲ್ ಜೊತೆ ಕೆಳಗಿನ ಬಾಣ, ಟೋಟಲ್‌ಗೆ ಆಲ್ಟ್ ಜೊತೆ ಈಕ್ವಲ್ ಟು. ಇದನ್ನೆಲ್ಲ ಲ್ಯಾಬಲ್ಲಿ ರೆಕಾರ್ಡ್ ಬುಕ್‌ಗೆ ಬರೆದು ಸೈನ್ ಹಾಕಿಸ್ಕೊಂಡಿದ್ವಿ, ಕೈಗೆ ಮಾತ್ರ ಕಲಿಸಿರಲಿಲ್ಲ.

ಅಕ್ಕ ಇನ್ನೊಂದು ಮಾಡ್ತಾರೆ. ಮೌಸ್ ಎಡಗೈಲಿ, ನಂಬರ್ ಪ್ಯಾಡ್ ಮೇಲೆ ಬಲಗೈ. ದೊಡ್ಡ ಕೀಬೋರ್ಡ್‌ನಲ್ಲಿ ನಂಬರ್ ಪ್ಯಾಡ್ ಇರೋದ್ರಿಂದ ಬಲಗಡೆ ಮೌಸ್ ದೂರ ಹೋಗುತ್ತೆ, ಪ್ರತಿ ಸಲ ಕೈ ಚಾಚಬೇಕು. ಎಡಗಡೆ ಇಟ್ರೆ ಆ ತಾಪತ್ರಯ ಇಲ್ಲ. ವಿಂಡೋಸ್ ಸೆಟ್ಟಿಂಗ್ಸಲ್ಲಿ ಮೌಸ್ ಅಂತ ಹುಡುಕಿ ಪ್ರೈಮರಿ ಬಟನ್ ಬದಲಾಯಿಸಬಹುದು. ಆದರೆ ಎರಡೂ ಕಡೆ ಒಂದೇ ಆಕಾರ ಇರೋ ಮೌಸ್ ಬೇಕು. ಬಲಗೈ ವರ್ಟಿಕಲ್ ಎಡಗೈಗೆ ಕೂರಲ್ಲ. ಈಗ ನಾನು ಆಫೀಸಲ್ಲಿ ಅಲ್ಲಿನ ಮಾಮೂಲಿ ಮೌಸ್ ಎಡಗೈಲಿ, ಮನೇಲಿ ವರ್ಟಿಕಲ್ ಬಲಗೈಲಿ. ಎಡಗೈ ಇನ್ನೂ ಅಂಗನವಾಡಿ ಮಗು ಥರ, ಪರವಾಗಿಲ್ಲ, ಕಲೀತಾ ಇದೆ.

(5/6)

ದುಡ್ಡು ಖರ್ಚಿಲ್ಲದೆ ಇವತ್ತೇ ಮಾಡಬಹುದಾದದ್ದು:

ಹಾಸಿಗೆ ಬಿಟ್ಟು ಟೇಬಲ್‌ಗೆ ಬನ್ನಿ. ಮೌಸು ಕೀಬೋರ್ಡಿನ ಪಕ್ಕದಲ್ಲೇ, ಅದೇ ಎತ್ತರದಲ್ಲಿ ಇರಲಿ.

ಮಣಿಕಟ್ಟು ಊರಿ ಬರೀ ಅಂಗೈ ಅಲ್ಲಾಡಿಸಬೇಡಿ. ಮೊಣಕೈಯಿಂದ ಕೈ ಚಲಿಸಲಿ. ಜೆಲ್ ಪ್ಯಾಡ್ ಇದ್ರೆ ಅದು ಕೆಲಸದ ಮಧ್ಯೆ ಕೈಯಿಟ್ಟು ಸುಧಾರಿಸಿಕೊಳ್ಳೋಕೆ. ಅದರ ಮೇಲೇ ಮಣಿಕಟ್ಟು ಒತ್ತಿಟ್ಟು ಮೌಸ್ ಆಡಿಸಬೇಡಿ. ಬೆರಳಿಗೆ ಹೋಗೋ ನರ ಅಲ್ಲೇ ಹಾದು ಹೋಗುತ್ತೆ.

ಪಾಯಿಂಟರ್ ಸ್ಪೀಡ್ ಸ್ವಲ್ಪ ಹೆಚ್ಚಿಸಿ. ಅರ್ಧ ಗಂಟೆಗೊಮ್ಮೆ ಕೈ ಬಿಟ್ಟು ಎದ್ದು ನೀರು ಕುಡೀರಿ.

ಇನ್ನೊಂದು ಸೀರಿಯಸ್ ಮಾತು. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮ್ ಅನ್ನೋದು, ರಾತ್ರಿ ಜೋಮು ಹಿಡಿದು ಎಚ್ಚರ ಆಗೋದು, ಕೈಲಿರೋ ಲೋಟ ಜಾರೋದು, ಇವು ಇದ್ರೆ ಮೌಸ್ ಹುಡುಕ್ತಾ ಕೂರಬೇಡಿ. ಮೂಳೆ ಡಾಕ್ಟರ್ ಹತ್ರ ಹೋಗಿ. ಮಣಿಕಟ್ಟಿನಲ್ಲಿ ನರ ಒತ್ತಿ ಹೋಗೋ ಕಾರ್ಪಲ್ ಟನಲ್ ತೊಂದರೆ ಹೀಗೇ ಶುರುವಾಗಬಹುದು, ತಡ ಮಾಡಿದ್ರೆ ಕಷ್ಟ. ನಾನು ಹೋದೆ. ನಂದು ಅದಲ್ಲ, ಸ್ನಾಯುರಜ್ಜು ಎಳೆದಿರೋದು ಅಂದ್ರು. ಕೈಗೆ ವಿಶ್ರಾಂತಿ ಹೇಳಿ, ಮೂರು ವ್ಯಾಯಾಮ ಕೊಟ್ರು.

(6/6)

"ಇಪ್ಪತ್ತು ವರ್ಷಕ್ಕೇ ಕೈನೋವಾ?" ಅಂತ ನಗೋರಿಗೆ ಒಂದು ಮಾತು. ನಮ್ಮ ಬಿಕಾಂನವರ ಕೈಗೆ ಎರಡು ಡ್ಯೂಟಿ. ಸಂಜೆ ದುಡಿಯೋದೂ ಅದೇ ಕೈ, ಪರೀಕ್ಷೇಲಿ ಗಂಟೆಗಟ್ಟಲೆ ಬರೆಯೋದೂ ಅದೇ ಕೈ. ಇನ್ನು ಮೂವತ್ತು ನಲವತ್ತು ವರ್ಷ ಇದೇ ಕೈಲಿ ಲೆಕ್ಕ ಮಾಡಬೇಕು. ಅಂಗಡಿಯವರು ಮಿಷನ್‌ಗೆ ಡಿಪ್ರಿಸಿಯೇಷನ್ ಬರೀತಾರೆ. ನಮ್ಮ ಕೈ ಸವೆದಿದ್ದನ್ನ ಯಾರೂ ಯಾವ ಲೆಡ್ಜರಲ್ಲೂ ಬರೆಯಲ್ಲ, ನಾವೇ ನೋಡ್ಕೋಬೇಕು. ನೋವಿದ್ರೆ ಆಫೀಸಲ್ಲಿ "ಸರ್, ಈ ಮೌಸ್ ಆಗ್ತಿಲ್ಲ, ನಂದು ತರ್ಲಾ?" ಅಂತ ಕೇಳೋಕೆ ನಾಚಿಕೆ ಬೇಡ. ನಾನು ಕೇಳಿದಾಗ ನಮ್ಮ ಸರ್ "ತಗೊಂಬಾ, ಅದರಲ್ಲೇನು" ಅಂದ್ರು. ಎರಡು ತಿಂಗಳು ಸುಮ್ಮನೆ ಹೆದರ್ಕೊಂಡಿದ್ದೆ.

ನೋವು ಪೂರ್ತಿ ಹೋಯ್ತಾ? ಇಲ್ಲ. 20ನೇ ತಾರೀಖು ಹತ್ರ ಬಂದ್ರೆ ಸ್ವಲ್ಪ ಎಳೆಯುತ್ತೆ. ಆದರೆ ಎರಡನೇ ಇಂಟರ್ನಲ್‌ನ ಕೊನೇ ಪುಟ ಈ ಫೋಟೋದಲ್ಲಿದೆ. ಅಕ್ಷರ ಕೊನೇವರೆಗೂ ನನ್ನದೇ.

ಕ್ಲಾಸಿನವರೇ, ಗುರುವಾರ ಲ್ಯಾಬ್‌ಗೆ ವರ್ಟಿಕಲ್ ಮೌಸ್ ತರ್ತೀನಿ. ತಗೊಳ್ಳೋ ಯೋಚನೆ ಇರೋರು ಹತ್ತು ನಿಮಿಷ ಹಿಡಿದು ನೋಡಿ, ಕೈಗೆ ಕೂತ್ರೆ ಮಾತ್ರ ದುಡ್ಡು ಹಾಕಿ. ಉಳಿದವರು ಕಾಮೆಂಟಲ್ಲಿ ಹೇಳಿ: ನಿಮಗೆ ನೋಯೋದು ಯಾವ ಬೆರಳು, ಆಗ ಕೈಲಿ ಏನಿರುತ್ತೆ?

#ಬಿಕಾಂಬದುಕು #ಕೈನೋವು #ಮೌಸ್‌ಪುರಾಣ #ತುಮಕೂರು