ಚುನಾವಣೆಯ ದಿನ ಯಾರ ಕೈಯಲ್ಲಿರಬೇಕು?

ಕಲಬುರಗಿ ಜಿಲ್ಲೆಯ ಕಮಲಾಪುರ ಹೊಸ ತಾಲ್ಲೂಕಾದದ್ದು 2018ರಲ್ಲಿ. ರಾಜ್ಯದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಚುನಾವಣೆ ನಡೆದದ್ದು ಅದಕ್ಕೆ ಎರಡು ವರ್ಷ ಮೊದಲು, 2016ರ ಫೆಬ್ರುವರಿಯಲ್ಲಿ. ಮುಂದಿನ ಚುನಾವಣೆ 2021ರಲ್ಲಿ ಆಗಬೇಕಿತ್ತು. 2024 ಕಳೆದರೂ ಆಗಲಿಲ್ಲ. ಕೆಂಪು ಬಾಳೆಗೆ ಹೆಸರಾದ ಈ ತಾಲ್ಲೂಕಿನ ಮತದಾರರು ತಾಲ್ಲೂಕು ರಚನೆಯಾದ ಮೇಲೆ ಎರಡು ಸಲ ಶಾಸಕರನ್ನು, ಎರಡು ಸಲ ಸಂಸದರನ್ನು ಆರಿಸಿದರು. ತಮ್ಮದೇ ತಾಲ್ಲೂಕು ಪಂಚಾಯಿತಿಗೆ ಸದಸ್ಯರನ್ನು ಆರಿಸುವ ಅವಕಾಶ ಮಾತ್ರ ಅಷ್ಟೂ ವರ್ಷ ಬರಲಿಲ್ಲ. ಸಂವಿಧಾನದ 243-ಇ ವಿಧಿ ಈ ವಿಷಯದಲ್ಲಿ ಸಂದೇಹಕ್ಕೆ ಎಡೆಯನ್ನೇ ಇಟ್ಟಿಲ್ಲ: ಪಂಚಾಯಿತಿಯ ಅವಧಿ ಐದು ವರ್ಷ, ಅದಕ್ಕಿಂತ ಒಂದು ದಿನವೂ ಹೆಚ್ಚಿಲ್ಲ, ಆ ಅವಧಿ ತೀರುವ ಮೊದಲೇ ಹೊಸ ಚುನಾವಣೆ ಮುಗಿದಿರಬೇಕು. ಇಷ್ಟು ನೇರವಾದ ಅಪ್ಪಣೆಯನ್ನು ವರ್ಷಗಟ್ಟಲೆ ಬದಿಗಿಡಲು ಹೇಗೆ ಸಾಧ್ಯವಾಯಿತು?

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿದ ಅಮೆರಿಕದ ಸಂವಿಧಾನಕಾರರನ್ನು ಕಾಡಿದ್ದೂ ಇಂಥದೇ ಚಿಂತೆ. ಅಧಿಕಾರ ಹಿಡಿದವರ ಒಳ್ಳೆಯತನವನ್ನು ನಂಬಿ ಅವರು ಸರ್ಕಾರ ಕಟ್ಟಲಿಲ್ಲ. ಕಾಗದದ ಮೇಲೆ ಬರೆದ ಗಡಿ ಸಾಲದು, ಒಬ್ಬರ ಅಧಿಕಾರವನ್ನು ತಡೆಯುವ ಬಲ ಇನ್ನೊಬ್ಬರ ಕೈಯಲ್ಲಿರಬೇಕು ಎಂದು ಜೇಮ್ಸ್ ಮ್ಯಾಡಿಸನ್ 1788ರ ಫೆಡರಲಿಸ್ಟ್ ಲೇಖನಗಳಲ್ಲಿ ವಾದಿಸಿದರು. ಯಾರೂ ತಮ್ಮ ವ್ಯಾಜ್ಯಕ್ಕೆ ತಾವೇ ನ್ಯಾಯಾಧೀಶರಾಗಬಾರದು ಎಂಬುದು ಆ ವಾದದ ತಿರುಳು. ಅಧ್ಯಕ್ಷೀಯ ಚುನಾವಣೆಗೆ ನವೆಂಬರಿನ ಮೊದಲ ಸೋಮವಾರದ ಮರುದಿನವೆಂದು 1845ರಲ್ಲಿ ಕಾನೂನೇ ಗೊತ್ತುಮಾಡಿತು. 1864ರಲ್ಲಿ ದೇಶ ಅಂತರ್ಯುದ್ಧದಲ್ಲಿ ಉರಿಯುತ್ತಿತ್ತು. ತಾವು ಸೋಲಬಹುದೆಂದು ಅಧ್ಯಕ್ಷ ಲಿಂಕನ್ ಅವರಿಗೇ ಅನಿಸಿತ್ತು. ಆದರೂ ಚುನಾವಣೆ ನಿಲ್ಲಲಿಲ್ಲ. ಗುಲಾಮರನ್ನೂ ಹೆಂಗಸರನ್ನೂ ಹೊರಗಿಟ್ಟು ಆರಂಭವಾದ ವ್ಯವಸ್ಥೆ ಅದು, ಅದನ್ನು ಮರೆಯಬೇಕಾಗಿಲ್ಲ. ಕ್ಷೇತ್ರಗಳ ಗೆರೆ ಎಳೆಯುವ ಕೆಲಸವನ್ನು ಅಲ್ಲಿ ರಾಜ್ಯ ಶಾಸಕರಿಗೇ ಬಿಟ್ಟಿದ್ದರಿಂದ, 1812ರಲ್ಲಿ ಮ್ಯಾಸಚೂಸೆಟ್ಸ್‌ನ ಗವರ್ನರ್ ಎಲ್ಬ್ರಿಜ್ ಗೆರಿ ಅವರ ಕಾಲಕ್ಕೇ ಆಳುವ ಪಕ್ಷದ ಲಾಭಕ್ಕೆಂದು ಗೆರೆ ಎಳೆದ ಅಡ್ಡಾದಿಡ್ಡಿ ಕ್ಷೇತ್ರಗಳು ಹುಟ್ಟಿ ಆ ದೇಶಕ್ಕೆ ಅಂಟುಜಾಡ್ಯವಾದವು. ಮ್ಯಾಡಿಸನ್ ಮಾತನ್ನು ಪಾಲಿಸದ ಕಡೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿಯೂ ಅಮೆರಿಕದಲ್ಲೇ ಸಿಗುತ್ತದೆ.

ಕರ್ನಾಟಕದಲ್ಲಿ ಆದದ್ದೂ ಅದೇ. 2021ರವರೆಗೆ ಪಂಚಾಯಿತಿ ಕ್ಷೇತ್ರಗಳ ವಿಂಗಡಣೆ ಮತ್ತು ಮೀಸಲಾತಿ ನಿಗದಿ ರಾಜ್ಯ ಚುನಾವಣಾ ಆಯೋಗದ ಕೆಲಸವಾಗಿತ್ತು. ಆಯೋಗ ಆ ವರ್ಷ ಕ್ಷೇತ್ರಗಳನ್ನು ವಿಂಗಡಿಸಿ ಮೀಸಲಾತಿಯ ಕರಡನ್ನೂ ಹೊರಡಿಸಿತ್ತು. ಅಷ್ಟರಲ್ಲಿ ಶಾಸನಸಭೆ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು, ಆ ಅಧಿಕಾರವನ್ನು ಆಯೋಗದಿಂದ ಕಿತ್ತು ಸರ್ಕಾರ ನೇಮಿಸುವ ಸೀಮಾ ನಿರ್ಣಯ ಆಯೋಗಕ್ಕೆ ಕೊಟ್ಟಿತು. ತಿದ್ದುಪಡಿ ತಂದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂದ ಮೇಲೂ ಚುನಾವಣೆ ಬೇಗನೆ ಬರಲಿಲ್ಲ. ಪಕ್ಷ ಬದಲಾದರೂ ವಿಳಂಬ ಬದಲಾಗಲಿಲ್ಲವೆಂದರೆ ದೋಷವನ್ನು ವ್ಯವಸ್ಥೆಯಲ್ಲೇ ಹುಡುಕಬೇಕು. ಜಿಲ್ಲಾ ಪಂಚಾಯಿತಿ ಬಲವಾದಷ್ಟೂ ತಮ್ಮ ಮಾತಿನ ತೂಕ ಕಡಿಮೆಯಾಗುತ್ತದೆ ಎಂಬುದು ಶಾಸಕರಿಗೆ ಗೊತ್ತು. ಆ ಚುನಾವಣೆಯ ಬೀಗದ ಕೈಯನ್ನು ಅವರ ಬಳಿಯೇ ಇಟ್ಟರೆ ಬಾಗಿಲು ತೆರೆಯುವ ಅವಸರ ಯಾರಿಗಿರುತ್ತದೆ?

ಹಿಂದುಳಿದ ವರ್ಗಗಳ ಮೀಸಲಾತಿ ಸರಿಯಾಗಿ ನಿಗದಿಯಾಗದೆ ಚುನಾವಣೆ ನಡೆಸಿದರೆ ಅನ್ಯಾಯವಾಗುತ್ತದೆ ಎಂಬ ಆಕ್ಷೇಪ ಗಂಭೀರವಾದದ್ದು. ಸುಪ್ರೀಂ ಕೋರ್ಟ್ 2021ರಲ್ಲಿ ಈ ಮೀಸಲಾತಿಗೆ ಮೂರು ಹಂತದ ಪರೀಕ್ಷೆ ವಿಧಿಸಿದ್ದು ನಿಜ. ಆದರೆ ಅದಕ್ಕೆಂದೇ ರಾಜ್ಯ ಸರ್ಕಾರ ನೇಮಿಸಿದ ನ್ಯಾಯಮೂರ್ತಿ ಭಕ್ತವತ್ಸಲ ಅವರ ಆಯೋಗ 2022ರ ಜುಲೈಯಲ್ಲೇ ವರದಿ ಕೊಟ್ಟಿತ್ತು. ಅದಕ್ಕೂ ಎರಡು ತಿಂಗಳು ಮೊದಲು, ಮಧ್ಯಪ್ರದೇಶದ ಸುರೇಶ್ ಮಹಾಜನ್ ಪ್ರಕರಣದಲ್ಲಿ, ಪರೀಕ್ಷೆ ಅಥವಾ ವಿಂಗಡಣೆ ಬಾಕಿಯಿದೆ ಎಂದು ಐದು ವರ್ಷದ ಗಡುವು ಮೀರುವಂತಿಲ್ಲ ಎಂದು ಅದೇ ನ್ಯಾಯಾಲಯ ಹೇಳಿತ್ತು. ಚುನಾವಣೆಯೇ ನಡೆಯದಿದ್ದರೆ ಹಿಂದುಳಿದವರಿಗೆ, ಪರಿಶಿಷ್ಟರಿಗೆ, ಅರ್ಧದಷ್ಟು ಸ್ಥಾನಗಳಿಗೆ ಹಕ್ಕುಳ್ಳ ಮಹಿಳೆಯರಿಗೆ ಸಿಗುವುದು ಸೊನ್ನೆ. ಕ್ಷೇತ್ರ ವಿಂಗಡಣೆ ಹಳೆಯದಾಯಿತು ಎಂಬ ಮಾತಿಗಂತೂ ಬಲವಿಲ್ಲ. ರಾಜ್ಯಗಳ ಲೋಕಸಭಾ ಸ್ಥಾನಗಳ ಸಂಖ್ಯೆ ಈಗಲೂ 1971ರ ಜನಗಣತಿಯ ಲೆಕ್ಕದ ಮೇಲೆ ನಿಂತಿದೆ. ಲೋಕಸಭೆಗೆ ಹೊತ್ತಿಗೆ ಸರಿಯಾಗಿ ಚುನಾವಣೆ ನಡೆಯುತ್ತಲೇ ಇದೆ. ಕೊರೊನಾದ ನೆಪವೂ ನಿಲ್ಲದು: ಗ್ರಾಮ ಪಂಚಾಯಿತಿಗಳ ಚುನಾವಣೆ 2020ರ ಡಿಸೆಂಬರಿನಲ್ಲಿ, ಕಲಬುರಗಿ ಮಹಾನಗರ ಪಾಲಿಕೆಯ 55 ವಾರ್ಡುಗಳ ಚುನಾವಣೆ 2021ರ ಸೆಪ್ಟೆಂಬರಿನಲ್ಲಿ ನಡೆದವು. ಪಾಲಿಕೆಯದೂ ಹಿಂದಿನ ಚುನಾವಣೆಯಿಂದ ಎಂಟು ವರ್ಷ ದಾಟಿದ ಮೇಲೆ ನಡೆಯಿತು ಎಂಬುದು ಬೇರೆ ನೋವು.

ಚುನಾಯಿತ ಸದಸ್ಯರ ಬದಲು ನೇಮಿಸಿದ ಆಡಳಿತಾಧಿಕಾರಿಗಳಿಂದ ಕೆಲಸ ನಡೆಯುತ್ತಿದೆಯಲ್ಲ ಎನ್ನುವವರು ಈ ನೆಲದ ಚರಿತ್ರೆಯನ್ನು ನೆನೆಯಬೇಕು. 1948ರ ಸೆಪ್ಟೆಂಬರಿನವರೆಗೆ ಕಲಬುರಗಿ ನಿಜಾಮನ ಆಳ್ವಿಕೆಯಲ್ಲಿತ್ತು. ಆಗಲೂ ಅಧಿಕಾರಿಗಳಿದ್ದರು, ಕಚೇರಿಗಳಿದ್ದವು. ಜನರಿಗೆ ಉತ್ತರ ಹೇಳಬೇಕಾದ ಸರ್ಕಾರ ಇರಲಿಲ್ಲ. ಈ ಪ್ರದೇಶಕ್ಕೆ ವಿಶೇಷ ಸ್ಥಾನ ಕೊಟ್ಟ ಸಂವಿಧಾನದ 371-ಜೆ ವಿಧಿಯ ಬಲದಿಂದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್‌ನಲ್ಲಿ ಘೋಷಣೆಯಾದದ್ದು 5,000 ಕೋಟಿ ರೂಪಾಯಿ. ಇಷ್ಟು ಹಣ ಹರಿದುಬರುವ ಪ್ರದೇಶದಲ್ಲಿ, ಯಾವ ಶಾಲೆಗೆ ಕೋಣೆ, ಯಾವ ತಾಂಡಾಕ್ಕೆ ನೀರು ಎಂದು ಸಾಮಾನ್ಯ ಸಭೆಯಲ್ಲಿ ಎದ್ದು ನಿಂತು ಕೇಳುವ ಜಿಲ್ಲಾ, ತಾಲ್ಲೂಕು ಸದಸ್ಯರೇ ಇಲ್ಲದಿದ್ದರೆ ಲೆಕ್ಕ ಕೇಳುವವರು ಯಾರು?

2023ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಹೊಣೆ ಹೊತ್ತವರು ಇದೇ ಜಿಲ್ಲೆಯ ಚಿತ್ತಾಪುರದ ಶಾಸಕ ಪ್ರಿಯಾಂಕ್ ಖರ್ಗೆ. ಸಂವಿಧಾನದ ಪರವಾಗಿ ಗಟ್ಟಿಯಾಗಿ ಮಾತನಾಡುವ ಅವರ ಮುಂದೆ, ಎಲ್ಲ ಪಕ್ಷಗಳ ಶಾಸಕರ ಮುಂದೆ ಇಡಬೇಕಾದ ಬೇಡಿಕೆ ಇದು: 2021ರ ತಿದ್ದುಪಡಿಯನ್ನು ಹಿಂತೆಗೆಯಿರಿ, ಕ್ಷೇತ್ರ ವಿಂಗಡಣೆ ಮತ್ತು ಮೀಸಲಾತಿಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗಕ್ಕೆ ಮರಳಿ ಕೊಡಿ. ಅವಧಿ ಮುಗಿಯಲು ಆರು ತಿಂಗಳಿರುವಾಗಲೂ ಹೊಸ ವಿಂಗಡಣೆ ಸಿದ್ಧವಾಗದಿದ್ದರೆ ಹಳೆಯ ಕ್ಷೇತ್ರಗಳಲ್ಲೇ ಚುನಾವಣೆ ನಡೆಯಬೇಕೆಂದು ಕಾಯ್ದೆಯಲ್ಲೇ ಬರೆಯಿರಿ. ಓಟು ಕೇಳಲು ಯಾರೇ ಬರಲಿ, ಕಮಲಾಪುರದ ಮತದಾರರು ಮೊದಲು ಈ ಬೇಡಿಕೆಗೆ ಉತ್ತರ ಪಡೆಯಲಿ.