ನಮ್ಮ ನೆಲ, ಕೆಳಮನೆಯವರ ಸೂರು

ಠಾಣೆ, ಡೊಂಬಿವಲಿ, ಕಲ್ಯಾಣ, ನವಿ ಮುಂಬಯಿಗಳಲ್ಲಿ ನೆಲೆನಿಂತ ಕನ್ನಡಿಗರು ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಯಕ್ಷಗಾನದಿಂದ ಹೊರಟು, ಮಕ್ಕಳ ಓದನ್ನು ದಾಟಿ, ಕೊನೆಗೆ ಬಚ್ಚಲುಮನೆಯ ಸೋರಿಕೆಗೆ ಬಂದು ನಿಲ್ಲುತ್ತದೆ. ‘ಯಾರಾದರೂ ನಂಬಿಕಸ್ಥ ಕಾಂಟ್ರಾಕ್ಟರ್ ಇದ್ದರೆ ಹೇಳಿ’ ಎಂದು ಒಬ್ಬರು ಕೇಳುತ್ತಾರೆ. ಉಳಿದವರು ಹೆಸರು ಹೇಳುವ ಬದಲು ತಮಗೆ ಕೈಕೊಟ್ಟವರ ಕಥೆ ಹೇಳುತ್ತಾರೆ. ಮುಂಗಡ ಪಡೆದು ಮೊಬೈಲು ಬಂದ್ ಮಾಡಿದವನು, ಹಳೆಯ ಲಾದಿಯನ್ನು ಅರ್ಧ ಕಿತ್ತು ಊರಿಗೆ ಹೋದವನು, ಮೂರು ತಿಂಗಳಲ್ಲಿ ಮತ್ತೆ ಸೋರುವಂತೆ ದುರಸ್ತಿ ಮಾಡಿದವನು. ಕಾಲ ಕೆಟ್ಟಿತು, ಪ್ರಾಮಾಣಿಕರು ಉಳಿದಿಲ್ಲ ಎಂಬ ನಿಟ್ಟುಸಿರಿನೊಂದಿಗೆ ಸಭೆ ಮುಗಿಯುತ್ತದೆ.

ಈ ನಿಟ್ಟುಸಿರನ್ನು ನಾವು ಒಪ್ಪುವುದಿಲ್ಲ. ಗುತ್ತಿಗೆದಾರರೆಲ್ಲ ಸತ್ಯಹರಿಶ್ಚಂದ್ರರೆಂದು ವಾದಿಸಲು ನಾವು ಹೊರಟಿಲ್ಲ. ಆದರೆ ನಂಬಿಕಸ್ಥ ಮನುಷ್ಯನನ್ನು ಹುಡುಕುವುದರಲ್ಲಿ ಕಳೆಯುವ ಶ್ರಮದ ಕಾಲುಭಾಗವನ್ನಾದರೂ ನಂಬಿಕೆಗೆ ಯೋಗ್ಯವಾದ ಕರಾರು ಬರೆಯುವುದರಲ್ಲಿ ನಮ್ಮವರು ಕಳೆದಿದ್ದರೆ ಈ ಕಥೆಗಳಲ್ಲಿ ಬಹುಪಾಲು ಹುಟ್ಟುತ್ತಲೇ ಇರಲಿಲ್ಲ. ಒಂದೇ ಗುತ್ತಿಗೆದಾರ ಕರಾರಿರುವಲ್ಲಿ ಒಂದು ರೀತಿ, ಕರಾರಿಲ್ಲದಲ್ಲಿ ಇನ್ನೊಂದು ರೀತಿ ನಡೆದುಕೊಳ್ಳುತ್ತಾನೆ. ಇದು ಮನುಷ್ಯಸ್ವಭಾವ. ಇದನ್ನು ಅರಿತೇ ಆಡಳಿತವೆಂಬುದು ತನ್ನ ನಿಯಮಗಳನ್ನು ರೂಪಿಸಿಕೊಂಡಿದೆ.

ಕೇಂದ್ರ ಸರಕಾರದ ಕಚೇರಿಯಲ್ಲಿ ದುಡಿಯುವ ನಮ್ಮಂಥವರಿಗೆ ಈ ನಿಯಮಗಳು ಅಪರಿಚಿತವಲ್ಲ. ಕಚೇರಿಯ ಒಂದು ಗೋಡೆಗೆ ಸುಣ್ಣ ಬಳಿಸಬೇಕಾದರೂ ಅಂದಾಜು ಪಟ್ಟಿ ಬೇಕು, ದರಪಟ್ಟಿ ಬೇಕು. ಮಾಡಿದ ಕೆಲಸವನ್ನು ಅಳೆದು ಅಳತೆ ಪುಸ್ತಕದಲ್ಲಿ ಬರೆಯದೆ ಬಿಲ್ಲು ಪಾಸಾಗುವುದಿಲ್ಲ. ಬಿಲ್ಲಿನಿಂದ ಭದ್ರತಾ ಠೇವಣಿಯನ್ನು ಮುರಿದುಕೊಂಡು, ದೋಷ ಹೊಣೆಗಾರಿಕೆಯ ಅವಧಿ ಕಳೆದ ಮೇಲಷ್ಟೇ ಮರಳಿಸುತ್ತಾರೆ. ಈ ಕಾಗದಗಳನ್ನು ದಿನವಿಡೀ ನೋಡುವ ಗುಮಾಸ್ತರು, ಲೆಕ್ಕಿಗರು, ಬ್ಯಾಂಕಿನ ಅಧಿಕಾರಿಗಳೇ ಸಂಜೆ 6ರ ಲೋಕಲಿನಲ್ಲಿ ಡೊಂಬಿವಲಿಗೆ ಇಳಿದು, ಅಳತೆಯಿಲ್ಲದ, ದರವಿಲ್ಲದ, ತಾರೀಖಿಲ್ಲದ ಬಾಯಿಮಾತಿನ ಮೇಲೆ ಅರ್ಧ ಹಣವನ್ನು ಎಣಿಸಿ ಕೊಡುತ್ತಾರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ಆಮೇಲೆ ನೆನೆಯುತ್ತಾರೆ. ಸರಕಾರದ ಹಣಕ್ಕೆ ಇರುವ ಕಾವಲು ಸ್ವಂತ ದುಡಿಮೆಯ ಹಣಕ್ಕೆ ಏಕಿಲ್ಲ?

ಕಾವಲಿಲ್ಲದ ಕಡೆ ಏನಾಗುತ್ತದೆಂಬುದಕ್ಕೆ ಬಚ್ಚಲುಮನೆಯನ್ನೇ ನೋಡೋಣ. ಈ ಭಾಗದ ಹಳೆಯ ಕಟ್ಟಡಗಳಲ್ಲಿ ಬಚ್ಚಲಿನ ನೆಲವನ್ನು ತಗ್ಗಿಸಿ, ಇಟ್ಟಿಗೆಯ ಚೂರು ಮತ್ತು ಗಾರೆಯನ್ನು ಒತ್ತಾಗಿ ತುಂಬಿ, ಅದರ ಮೇಲೆ ಲಾದಿ ಹಾಸುತ್ತಿದ್ದರು. ಇದಕ್ಕೆ ಇಲ್ಲಿಯವರು ‘ಕೋಬಾ’ ಎನ್ನುತ್ತಾರೆ. ಸೋರಿಕೆಯನ್ನು ನಿಜವಾಗಿ ನಿಲ್ಲಿಸಬೇಕಾದರೆ ಲಾದಿಯನ್ನೂ ಕೋಬಾವನ್ನೂ ತೆಗೆದು, ಸ್ಲ್ಯಾಬಿನ ಮೈಯನ್ನು ಶುಚಿಗೊಳಿಸಿ, ಕೊಳವೆಯ ಸಂದುಗಳನ್ನು ಬಿಗಿಗೊಳಿಸಿ, ಜಲನಿರೋಧಕ ಲೇಪನ ಕೊಡಬೇಕು. ನಂತರ ನೀರು ಹೋಗುವ ಬಾಯಿಯನ್ನು ಮುಚ್ಚಿ, ನೀರು ನಿಲ್ಲಿಸಿ, 24ರಿಂದ 48 ಗಂಟೆ ಕಾಯಬೇಕು. ಕೆಳಗಿನ ಮನೆಯ ಸೀಲಿಂಗು ಒಣಗಿಯೇ ಉಳಿದರೆ ಮಾತ್ರ ಮೇಲೆ ಲಾದಿ ಹಾಸಬೇಕು. ಮೂವರಿಂದ ದರ ಕೇಳಿ, ಅತಿ ಕಡಿಮೆ ಹೇಳಿದವನಿಂದ ಮತ್ತೆ ಐದು ಸಾವಿರ ಕಡಿಮೆ ಮಾಡಿಸಿದ್ದನ್ನು ಜಾಣತನವೆಂದು ಹೇಳಿಕೊಳ್ಳುವ ಯಜಮಾನನಿಗೆ, ಆ ಐದು ಸಾವಿರ ಎಲ್ಲಿಂದ ಕಡಿಮೆಯಾಯಿತೆಂಬುದು ತಿಳಿಯುವುದಿಲ್ಲ. ಗುತ್ತಿಗೆದಾರನಿಗೆ ತಿಳಿದಿರುತ್ತದೆ. ಕಣ್ಣಿಗೆ ಕಾಣುವ ಲಾದಿಯಲ್ಲಿ ಅವನು ಉಳಿಸಲಾರ. ಅದರ ಅಡಿಯಲ್ಲಿ ಮುಚ್ಚಿಹೋಗುವ ಲೇಪನದಲ್ಲಿ, ಕಾಯಬೇಕಾದ ಎರಡು ದಿನದಲ್ಲಿ ಉಳಿಸುತ್ತಾನೆ. ಅಥವಾ ಹಳೆಯದನ್ನು ಕೀಳದೆಯೇ ಅದರ ಮೇಲೆ ಗಾರೆ ಸುರಿದು ಹೊಸ ಲಾದಿ ಕೂರಿಸುತ್ತಾನೆ.

ಇಷ್ಟಾದರೆ ನಷ್ಟ ಹಣದ್ದು ಎಂದು ಬಿಟ್ಟುಬಿಡಬಹುದಿತ್ತು. 2025ರ ಮೇ 20ರಂದು ಕಲ್ಯಾಣ ಪೂರ್ವದ ಸಪ್ತಶೃಂಗಿ ಕಟ್ಟಡದಲ್ಲಿ ನಡೆದದ್ದನ್ನು ಹಾಗೆ ಬಿಡಲಾಗದು. ನಾಲ್ಕನೆಯ ಮಹಡಿಯ ಒಂದು ಮನೆಯಲ್ಲಿ ನೆಲಹಾಸಿನ ಕೆಲಸ ನಡೆದಿತ್ತು. ಅದರ ಸ್ಲ್ಯಾಬು ಕುಸಿದು ಕೆಳಗಿನ ಮಹಡಿಗಳನ್ನು ಭೇದಿಸಿಕೊಂಡು ಹೋಯಿತು. 6 ಜನ ಸತ್ತರು. ಅವರಲ್ಲೊಂದು ಎಳೆಯ ಮಗು. ಅವರು ಯಾವ ಗುತ್ತಿಗೆದಾರನನ್ನೂ ಆರಿಸಿದವರಲ್ಲ, ಯಾರೊಡನೆಯೂ ಚೌಕಾಸಿ ಮಾಡಿದವರಲ್ಲ.

ನೆಲಹಾಸಿನ ಕೆಲಸದ ಭಾರ ಎಷ್ಟೆಂಬುದನ್ನು ಲೆಕ್ಕ ಹಾಕಿ ನೋಡಿದವರು ಕಡಿಮೆ. 10 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ಹಳೆಯ ನೆಲದ ಮೇಲೆ 2 ಅಂಗುಲ ಗಾರೆ ಹಾಕಿದರೆ ಅದೊಂದೇ ಹತ್ತಿರಹತ್ತಿರ 1 ಟನ್ ತೂಗುತ್ತದೆ, ಅಂದರೆ ಚದರ ಮೀಟರಿಗೆ ಸುಮಾರು 100 ಕಿಲೋ. ವಾಸದ ಮನೆಯ ನೆಲ ಜನ ಮತ್ತು ಸಾಮಾನುಗಳಿಗಾಗಿ ತಾಳಬೇಕಾದ ಭಾರವೆಂದು ಭಾರತೀಯ ಮಾನಕ 875 ಹೇಳುವುದು ಚದರ ಮೀಟರಿಗೆ ಸುಮಾರು 200 ಕಿಲೋ. ಲಾದಿಯ ತೂಕ ಸೇರುವ ಮೊದಲೇ ಅದರಲ್ಲಿ ಅರ್ಧ ಮುಗಿಯಿತು, ಮತ್ತು ಶಾಶ್ವತವಾಗಿ ಮುಗಿಯಿತು. ಇನ್ನು, ಲಿಫ್ಟಿಲ್ಲದ ಕಟ್ಟಡದಲ್ಲಿ ಮತ್ತೆ ಮತ್ತೆ ಹೊರುವುದೇಕೆಂದು ಮರಳನ್ನು ಒಮ್ಮೆಲೇ ತಂದು ಕೋಣೆಯ ನಡುವೆ ಒಂದಡಿ ಎತ್ತರಕ್ಕೆ ಸುರಿದರೆ ಆ ಜಾಗದಲ್ಲಿ ಚದರ ಮೀಟರಿಗೆ 480 ಕಿಲೋ ಕೂತಂತೆ. ಪಕ್ಕದಲ್ಲಿ ಲಾದಿಯ ಪೆಟ್ಟಿಗೆಗಳು, ಕಿತ್ತು ಹಾಕಿದ ಕಸ, ಮೇಲಿಂದ ಬ್ರೇಕರ್ ಯಂತ್ರದ ಕಂಪನ. ಇವೆಲ್ಲ ಬೀಳುವುದು ಮೂವತ್ತು ವರ್ಷ ನೀರು ಕುಡಿದು, ಒಳಗಿನ ಸರಳು ತುಕ್ಕು ಹಿಡಿದ ಸ್ಲ್ಯಾಬಿನ ಮೇಲೆ. ತುಕ್ಕು ಉಬ್ಬಿದಾಗ ಕಾಂಕ್ರೀಟು ಒಡೆಯುತ್ತದೆ. ಹಾಗೆ ಒಡೆದದ್ದಕ್ಕೆ ಮೆತ್ತನೆಯ ಪ್ಲಾಸ್ಟರು ಬಳಿದು ಬಣ್ಣ ಹೊಡೆಸುವುದನ್ನು ಕೂಡ ನಮ್ಮಲ್ಲಿ ‘ರಿಪೇರಿ’ ಎಂದೇ ಕರೆಯುತ್ತಾರೆ.

‘ನನ್ನ ಮನೆಯೊಳಗೆ ನಾನು ಏನಾದರೂ ಮಾಡಿಸಿಕೊಳ್ಳುತ್ತೇನೆ’ ಎಂಬ ಮಾತಿಗೆ ಬಹುಮಹಡಿಯ ಕಟ್ಟಡದಲ್ಲಿ ಅರ್ಥವಿಲ್ಲ. ಅಲ್ಲಿ ನಮ್ಮ ನೆಲ ಕೆಳಮನೆಯವರ ಸೂರು. 2017ರ ಜುಲೈ 25ರಂದು ಘಾಟ್ಕೋಪರಿನ ಸಿದ್ಧಿ ಸಾಯಿ ಕಟ್ಟಡ ಬಿದ್ದು 17 ಜನ ಸತ್ತಾಗಲೂ ನೆಲಮಹಡಿಯಲ್ಲಿ ನಡೆದಿದ್ದ ಮಾರ್ಪಾಡಿನ ಕಡೆಗೇ ಬೆರಳು ತೋರಿತ್ತು. ಸೊಸೈಟಿಯ ಉಪವಿಧಿಗಳು ಇಂಥ ಕೆಲಸಕ್ಕೆ ಪೂರ್ವಾನುಮತಿ ಕೇಳುತ್ತವೆ. ನಮ್ಮವರಲ್ಲಿ ಎಷ್ಟೋ ಮಂದಿ ಸೊಸೈಟಿಗಳ ಅಧ್ಯಕ್ಷರು, ಕಾರ್ಯದರ್ಶಿಗಳು. ಅನುಮತಿ ಪತ್ರಕ್ಕೆ ಅವರು ರುಜು ಹಾಕುವ ಮುನ್ನ ಕೇಳುವುದು ಕಸ ಸಾಗಿಸುವ ಠೇವಣಿ ಕಟ್ಟಿದಿರಾ, ಮಧ್ಯಾಹ್ನ 2ರಿಂದ 4ರವರೆಗೆ ಸದ್ದು ಮಾಡುವುದಿಲ್ಲ ತಾನೆ ಎಂಬಷ್ಟನ್ನೇ. ಹಳೆಯ ನೆಲ ಕೀಳುತ್ತೀರಾ, ಮರಳು ಎಲ್ಲಿ ಇಳಿಸುತ್ತೀರಿ, ಸ್ಲ್ಯಾಬನ್ನು ಇಂಜಿನಿಯರ್ ನೋಡಿದ್ದಾರೆಯೇ ಎಂದು ಕೇಳಿದವರು ಅಪರೂಪ.

ಕಟ್ಟಡಕ್ಕೆ 15 ವರ್ಷವಾದ ಮೇಲೆ 5 ವರ್ಷಕ್ಕೊಮ್ಮೆ, 30 ವರ್ಷ ದಾಟಿದ ಮೇಲೆ 3 ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ ಮಾಡಿಸಬೇಕೆಂದು ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿದೆ. ಸಾಮಾನ್ಯ ಸಭೆಯಲ್ಲಿ ಈ ಖರ್ಚಿನ ವಿಷಯ ಬಂದೊಡನೆ ‘ಮುಂದಿನ ವರ್ಷ ನೋಡೋಣ’ ಎನ್ನುವವರ ಬಹುಮತವಿರುತ್ತದೆ. 2015ರ ಜುಲೈ 28ರಂದು ಠಾಕುರ್ಲಿಯ ಮಾತೃಛಾಯಾ ಕುಸಿದು 9 ಜನ, ಅದಾದ ಒಂದೇ ವಾರಕ್ಕೆ ಠಾಣೆಯ ನೌಪಾಡಾದ ಕೃಷ್ಣ ನಿವಾಸ ಕುಸಿದು 12 ಜನ ಸತ್ತ ನಂತರವೂ ಆ ಬಹುಮತ ಕರಗಿಲ್ಲ. ತಮ್ಮದು ಯೋಜಿತ ನಗರವೆಂದು ನವಿ ಮುಂಬಯಿಯವರು ಬೀಗಬೇಕಾಗಿಲ್ಲ. ವಾಶಿಯಲ್ಲಿ ಸಿಡ್ಕೋ ಸಂಸ್ಥೆಯೇ ಕಟ್ಟಿದ ಜೆ.ಎನ್. ಮಾದರಿಯ ಕಟ್ಟಡಗಳಲ್ಲಿ ಪ್ಲಾಸ್ಟರು ಉದುರುವ ಭೀತಿಯಲ್ಲಿ ಜನ ವರ್ಷಾನುಗಟ್ಟಲೆ ಬಾಳಿದ್ದಾರೆ.

ಬಿಲ್ಲಿನ ವಿಷಯಕ್ಕೆ ಬರೋಣ. ‘ಬಿಲ್ ಬೇಕಾದರೆ ಮೇಲೆ 18 ಪರ್ಸೆಂಟ್ ಜಿಎಸ್‌ಟಿ’ ಎಂದು ಗುತ್ತಿಗೆದಾರ ಹೇಳುತ್ತಾನೆ, ‘ಹಾಗಾದರೆ ಬೇಡ’ ಎಂದು ಯಜಮಾನ ಹೇಳುತ್ತಾನೆ. ಇಬ್ಬರೂ ಸೇರಿ ಸಾಕ್ಷ್ಯವನ್ನು ಹೂತುಹಾಕುವ ಕ್ಷಣ ಅದು. ಸೇವೆಯಿಂದ ವರ್ಷಕ್ಕೆ 20 ಲಕ್ಷ ರೂಪಾಯಿಯೊಳಗೆ ವಹಿವಾಟು ಇರುವ ಸಣ್ಣ ಗುತ್ತಿಗೆದಾರ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯನ್ನೇ ಮಾಡಿಸಬೇಕಾಗಿಲ್ಲ. ಅವನು ತೆರಿಗೆಯಿಲ್ಲದ ಸಾದಾ ರಸೀದಿ ಕೊಡಬಹುದು. ನೋಂದಣಿ ಇರುವವನು ತೆರಿಗೆ ಸಹಿತ ಬಿಲ್ಲು ಕೊಡಲೇಬೇಕು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ನಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ತೆತ್ತ ಹಣ 5 ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ, 2 ವರ್ಷದ ಕಾಲಾವಕಾಶವಿದೆ. ಇಷ್ಟು ಸುಲಭದ ಬಾಗಿಲ ಮುಂದೆ ನಿಂತು, ಏನನ್ನು ಎಷ್ಟು ಹಣಕ್ಕೆ ಒಪ್ಪಿಕೊಂಡಿದ್ದರೆಂದು ತೋರಿಸುವ ಒಂದು ಹಾಳೆಯೂ ಕೈಯಲ್ಲಿಲ್ಲದವರು ನ್ಯಾಯವಿಲ್ಲವೆಂದು ಲೋಕವನ್ನು ಬೈಯುತ್ತಾರೆ.

ಕಾಗದವನ್ನು ಬಿಟ್ಟವರು ಬೇರೊಂದನ್ನು ಹಿಡಿದುಕೊಂಡಿದ್ದಾರೆ. ‘ಅವನು ನಮ್ಮವನು, ನಮ್ಮ ಕಡೆಯವನು.’ ಹೊರನಾಡಿನಲ್ಲಿ ಊರು, ಭಾಷೆ, ಜಾತಿಗಳ ನಂಟು ಹೋಟೆಲಿನಿಂದ ಹಿಡಿದು ವಿದ್ಯಾರ್ಥಿನಿಲಯದವರೆಗೆ ಬಹಳಷ್ಟನ್ನು ಕಟ್ಟಿಕೊಟ್ಟಿದೆ, ನಿಜ. ಆದರೆ ಉಡುಪಿಯವನಾದ ಮಾತ್ರಕ್ಕೆ ಯಾರಿಗೂ ಸ್ಲ್ಯಾಬಿನ ಬಲ ತಿಳಿಯುವುದಿಲ್ಲ. ನಮ್ಮವನೆಂಬ ದಾಕ್ಷಿಣ್ಯಕ್ಕೆ ಲೆಕ್ಕ ಕೇಳದೆ ಇರುವುದು, ಕೆಲಸ ಕೆಟ್ಟ ಮೇಲೆ ಅದೇ ದಾಕ್ಷಿಣ್ಯಕ್ಕೆ ದೂರು ಕೊಡದೆ ಇರುವುದು, ಇದು ನಂಬಿಕೆಯಲ್ಲ, ಸಂಕೋಚ.

ವಿಪರ್ಯಾಸವೆಂದರೆ, ನಿಜವಾಗಿ ನಮ್ಮವನೊಬ್ಬ ಆ ಮನೆಯಲ್ಲೇ ಇರುತ್ತಾನೆ, ಅವನು ಯಾರ ಕಣ್ಣಿಗೂ ಬೀಳುವುದಿಲ್ಲ. ಬೆಳಗ್ಗೆ ನಾಕಾಗಳಲ್ಲಿ ಕೂಲಿಗಾಗಿ ಕಾದು ನಿಲ್ಲುವವರಲ್ಲಿ, ಬುಟ್ಟಿ ಹೊರುವ ಹೆಂಗಸರಲ್ಲಿ, ಕಲಬುರಗಿ, ಯಾದಗಿರಿ, ವಿಜಯಪುರ ಜಿಲ್ಲೆಗಳ ಹಳ್ಳಿಗಳಿಂದ, ತಾಂಡಾಗಳಿಂದ ಬಂದವರು ಬಹಳ. ಗುತ್ತಿಗೆದಾರ ಅವರನ್ನು ಕರೆತರುತ್ತಾನೆ. ಯಜಮಾನರು ಅವರೊಡನೆ ಮಾತಾಡಿದರೆ ಹಿಂದಿಯಲ್ಲಿ, ಅದೂ ಚಪ್ಪಲಿ ಹೊರಗೆ ಬಿಡು ಎನ್ನಲು. ಆದರೆ ಲಾದಿ ಕಿತ್ತಾಗ ಒಳಗಿನ ಸರಳು ಹೇಗಿತ್ತು, ಒಂದು ಚೀಲ ಸಿಮೆಂಟಿಗೆ ಎಷ್ಟು ಬುಟ್ಟಿ ಮರಳು ಬೆರೆಯಿತು, ಲೇಪನ ಒಂದು ಕೈಯೋ ಎರಡು ಕೈಯೋ ಎಂಬುದನ್ನು ಕಣ್ಣಾರೆ ಕಂಡವರು ಅವರೇ. ‘ಒಳಗ ಹೆಂಗ ಐತಪ್ಪಾ?’ ಎಂದು ಅವರ ಮಾತಿನಲ್ಲಿ ಕೇಳುವ ಅನುಕೂಲ ಈ ಮಹಾನಗರದಲ್ಲಿ ನಮ್ಮಂಥ ಕೆಲವರಿಗಷ್ಟೇ ಇದೆ. ಕನ್ನಡಾಭಿಮಾನವನ್ನು ವೇದಿಕೆಯ ಮೇಲೆ ಮೆರೆಯುವವರು ಅದನ್ನು ಸ್ವಂತ ಬಚ್ಚಲುಮನೆಯಲ್ಲಿ ಬಳಸಿ ನೋಡಲಿ. ಇನ್ನೊಂದನ್ನೂ ಕೇಳಲಿ: ಕೂಲಿ ಕೈಸೇರಿತೇ? ಹಿಂದಿನ 12 ತಿಂಗಳಲ್ಲಿ 90 ದಿನ ಕಟ್ಟಡದ ಕೆಲಸ ಮಾಡಿದವರು ಕಾರ್ಮಿಕರ ಕಲ್ಯಾಣ ಮಂಡಳಿಯ ಫಲಾನುಭವಿಗಳಾಗಬಹುದು. ದಿನಕ್ಕೊಬ್ಬ ಧಣಿಯ ಕೆಳಗೆ ದುಡಿಯುವವನಿಗೆ ಆ 90 ದಿನಗಳ ದಾಖಲೆಯನ್ನು ಯಾರು ಬರೆದುಕೊಡಬೇಕು? ಅವನ ದುಡಿಮೆಗೆ ಕಾಗದವಿಲ್ಲದಿರುವುದೂ ನಮ್ಮ ದುಡ್ಡಿಗೆ ಕಾಗದವಿಲ್ಲದಿರುವುದೂ ಒಂದೇ ರೋಗದ ಎರಡು ಲಕ್ಷಣಗಳು.

ಸಣ್ಣ ಕೆಲಸಕ್ಕೆ ಯಾರೂ ಕರಾರಿಗೆ ರುಜು ಹಾಕುವುದಿಲ್ಲ, ಹಾಕು ಎಂದರೆ ಹೊರಟುಹೋಗುತ್ತಾರೆ ಎಂಬ ಆಕ್ಷೇಪವಿದೆ. ಅದರಲ್ಲಿ ಹುರುಳಿಲ್ಲದೆ ಇಲ್ಲ. ಕೊನೆಯ ಕಂತನ್ನು ನುಂಗಿಹಾಕಿದ ಮನೆಯೊಡೆಯರ ಕಥೆಗಳು ಗುತ್ತಿಗೆದಾರರ ಬಳಿಯೂ ಇವೆ. ಮುಂಗಡಕ್ಕೆ ಅವರು ಪಟ್ಟು ಹಿಡಿಯಲು ಅದೂ ಕಾರಣ. ಆದ್ದರಿಂದಲೇ ಕರಾರು ಇಬ್ಬರನ್ನೂ ಕಾಯಬೇಕು. ಒಂದು ಹಾಳೆ ಸಾಕು. ಅಳತೆ, ಚದರಡಿಯ ದರ, ಸಾಮಗ್ರಿಯ ಹೆಸರು, ಮುಗಿಸುವ ದಿನಾಂಕ. ಸಾಮಗ್ರಿ ಬಂದಿಳಿದಾಗ ಒಂದು ಕಂತು, ನೀರು ನಿಲ್ಲಿಸಿ ನೋಡಿದ ಮೇಲೆ ಒಂದು ಕಂತು, ಮುಗಿದಾಗ ಒಂದು ಕಂತು. ಬಚ್ಚಲಿನ ಸೋರಿಕೆ ಆ ನೀರಿನ ಪರೀಕ್ಷೆಯಲ್ಲೇ ತಿಳಿಯುತ್ತದೆ. ತಾರಸಿ, ಹೊರಗೋಡೆ, ಕಿಟಕಿಗಳ ಕೆಲಸದಲ್ಲಿ ಮಾತ್ರ ಹತ್ತರಲ್ಲೊಂದು ಪಾಲನ್ನು ಒಂದು ಮಳೆಗಾಲ ಕಳೆಯುವ ತನಕ ಹಿಡಿದಿಡಬೇಕು. ಆಯುಧಪೂಜೆಯ ದಿನ ಅದನ್ನು ಕರೆದು ಕೈಗಿಡಬೇಕು. ಹಾಗೆ ಕೊಟ್ಟವರ ಮನೆಗೆ ಗುತ್ತಿಗೆದಾರ ಮತ್ತೊಮ್ಮೆ ಬರುತ್ತಾನೆ. ಇಷ್ಟಕ್ಕೂ ಒಪ್ಪದೆ ಹೊರಟುಹೋದವನು ಹೋದದ್ದೇ ಲಾಭ.

ನಮ್ಮ ಸಂಘಗಳಿಗೂ ಇಲ್ಲಿ ಮಾಡುವ ಕೆಲಸವಿದೆ. ಒಳ್ಳೆಯವರ ಹೆಸರುಗಳ ಪಟ್ಟಿ ನಮಗೆ ಬೇಡ. ಅದು ಆರು ತಿಂಗಳಲ್ಲಿ ಪರಿಚಯಸ್ಥರ ಪಟ್ಟಿಯಾಗುತ್ತದೆ. ಬೇಕಾದದ್ದು ಕೆಲಸಗಳ ದಾಖಲೆ. ಯಾವ ಕಟ್ಟಡ, ಎಷ್ಟು ವರ್ಷ ಹಳೆಯದು, ಏನು ಕೆಲಸ, ಯಾವ ದರ, ಮಳೆಗಾಲ ಕಳೆದ ಮೇಲೆ ಹೇಗಿದೆ. ಸಂಘದ ಕಪಾಟಿನಲ್ಲಿ ಇಂಥದೊಂದು ಅಳತೆ ಪುಸ್ತಕವಿರಲಿ. ಅದರ ಮೊದಲ ಪುಟದಲ್ಲಿ, ಈ ಊರುಗಳಲ್ಲಿ ಮನೆ ಕೊಂಡು ಇಪ್ಪತ್ತು ಮೂವತ್ತು ವರ್ಷ ಬಾಳಿದವರೆಲ್ಲ ಬರೆಯಬೇಕಾದ ಉತ್ತರಕ್ಕೆ ಜಾಗ ಬಿಟ್ಟಿರಲಿ: ನಿಮ್ಮ ನೆಲದ ಕೆಳಗೆ ಮಲಗುವವರು ಎಷ್ಟು ಮಂದಿ?